ನೆರಳಿಗೆ ಮುಂಚಿತ ಬೆಳಕು

ಪ್ರಶ್ನೆ: ಕಲರ್ ಸ್ಲೈಡ್ ಫಿಲ್ಮಿನಲ್ಲಿ ತೆಗೆದ ಬಿಸಿಲಿನ ಚಿತ್ರಗಳಲ್ಲಿ ನೆರಳಿನ ಭಾಗವೆಲ್ಲ ಕಪ್ಪಾಗಿಬಿಡುತ್ತದೆ. ಮೊದಲೇ ಫಿಲ್ಮಿಗೆ ಸ್ವಲ್ಪ ಬೆಳಕು ತೋರಿಸಿದರೆ ವಿವರ ಮೂಡುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ, ಆದರೆ ಒಂದು ಮಿತಿಯೊಳಗೆ. ಬೂದುಬಣ್ಣದ ಕಾರ್ಡೊಂದನ್ನು ಫ್ರೇಮ್ ತುಂಬುವಂತೆ, ಕ್ಯಾಮೆರಾದ ನೆರಳು ಬೀಳದಂತೆ ಲೆನ್ಸಿನ ಹತ್ತಿರ ಹಿಡಿದು, ಫೋಕಸ್ಸನ್ನು ಅನಂತಕ್ಕೆ ತಿರುಗಿಸಿ, ಬೆಳಕು ಅಳೆಯುವ ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಸ್ಟಾಪ್ ಕಡಿಮೆ ಬೆಳಕು ಕೊಡಬೇಕು (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ, ಒಂದು ಸ್ಟಾಪ್ ಹೆಚ್ಚು ಎಂದರೆ ಎರಡರಷ್ಟು). ಲೆನ್ಸಿನ ದ್ವಾರ ಎಫ್/8ರಲ್ಲಿರುವಾಗ 1/60 ಸೆಕೆಂಡ್ ಎಂದು ಮೀಟರ್ ತೋರಿಸಿದರೆ ಶಟರ್ 1/1000ಕ್ಕಿರಲಿ. ಬಳಿಕ ಫಿಲ್ಮನ್ನು ಮುಂದೆ ಸರಿಸದೆ, ಡಬಲ್ ಎಕ್ಸ್‌ಪೋಷರ್ ಸೌಲಭ್ಯ ಬಳಸಿ, ಅದೇ ಫ್ರೇಮಿನ ಮೇಲೆ ಚಿತ್ರವನ್ನು ಎಂದಿನಂತೆ ತೆಗೆಯಬೇಕು.

ಈ ಮೊದಲ ಬೆಳಕನ್ನು 1 ಪಾಲು ಎಂದಿಟ್ಟುಕೊಂಡರೆ, ದೃಶ್ಯದಿಂದ 1 ಪಾಲಷ್ಟೇ ಬೆಳಕು ಬರುವ ಗಾಢ ನೆರಳಿಗೆ ಈಗ ಒಟ್ಟು 2 ಪಾಲು, ಅಂದರೆ ಪೂರ್ತಿ ಒಂದು ಸ್ಟಾಪ್ ಹೆಚ್ಚು ಸಿಗುತ್ತದೆ. ಬಿಳಿ ಮೋಡದ 64 ಪಾಲು 65 ಆದರೆ ಆ ವ್ಯತ್ಯಾಸ ಕಣ್ಣಿಗೇ ಬೀಳದು. ಆದರೆ ಅಚ್ಚಕಪ್ಪು ತುಸು ಪೇಲವವಾಗದೆ ಇರದು. ಕಪ್ಪೇ ಜೀವಾಳವಾಗಿರುವ ಚಿತ್ರಕ್ಕೆ ಈ ಉಪಾಯ ಬೇಡವೆಂದೇ ನನ್ನ ಸಲಹೆ. ಕಾರ್ಡಿನ ಮೇಲೆ ಬರಿಯ ನೀಲಿ ಆಕಾಶದ ಬೆಳಕು ಬಿದ್ದಿದ್ದರೆ ಚಿತ್ರದ ನೆರಳುಗಳಿಗೂ ಆ ನೀಲಿಯೇ ಹತ್ತುತ್ತದೆ.