ಫೀಸು ಕೇಳಲು ಬಾಯಿ ಬರದವರು

ಕೊಡಗಿನಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆ ಈ ತೊಂದರೆ ಹೇಳಿಕೊಂಡು ಬರುವವರು ಜಾಸ್ತಿ. ವಕೀಲರು, ಪಶುವೈದ್ಯರು, ಮನೆ ಪ್ಲಾನ್ ಹಾಕುವ ಎಂಜಿನಿಯರ್‌ಗಳು. ಇಲ್ಲಿ ಎಲ್ಲರೂ ಒಂದಲ್ಲ ಒಂದು ಕಡೆಯಿಂದ ನೆಂಟರೇ. ನೆಂಟರ ಹತ್ತಿರ ಫೀಸು ಕೇಳೋದು ಹೇಗೆ?

ಈಕೆ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಕೃಷಿ ಪದವೀಧರೆ. ವಿರಾಜಪೇಟೆ ಕಡೆ ಕಾಫಿ, ಕಾಳುಮೆಣಸಿನ ತೋಟಗಳಿಗೆ ಸಲಹೆ ಕೊಡುವುದೇ ಕಸುಬು. ನಿದ್ದೆ ಇಲ್ಲ, ಫೋನ್ ಹೊಡೆದುಕೊಂಡರೆ ಸಿಟ್ಟು ಬರುತ್ತೆ ಎಂದು ಬಂದಿದ್ದರು. ರಾತ್ರಿ ಹತ್ತಾದರೂ ವಾಟ್ಸಾಪ್‌ನಲ್ಲಿ ಎಲೆಯ ಫೋಟೋ. ಕೆಳಗೆ, ‘ಏನು ಹೊಡೀಬೇಕು?’

ಒಂದು ದಿನ ಮದುವೆಮನೆಯ ವಿಷಯ ಹೇಳಿದರು. ಊಟಕ್ಕೆ ಕೂತಿದ್ದಾಗ ದೂರದ ಮಾವನೊಬ್ಬರು ಜೇಬಿನಿಂದ ಹಳದಿಯಾದ ಮೆಣಸಿನ ಎಲೆ ತೆಗೆದು ತಟ್ಟೆಯ ಪಕ್ಕ ಇಟ್ಟರಂತೆ. “ಇದಕ್ಕೇನು ಮದ್ದು ಮಗಳೇ?”

“ಏನು ಹೇಳಿದ್ರಿ?” ಎಂದೆ.

“ಬೋರ್ಡೋ ದ್ರಾವಣ ಹೊಡೀರಿ ಅಂದೆ, ಶಿಲೀಂಧ್ರ ರೋಗಕ್ಕೆ ಹೊಡೆಯೋ ಮದ್ದು. ಬರೀ ಎಲೆ ನೋಡಿ ಹಾಗೆ ಹೇಳೋಕಾಗಲ್ಲ ಮೇಡಂ. ಸೊರಗು ರೋಗ ಇರಬಹುದು, ಬೇರಿಗೆ ಜಂತುಹುಳು ಬಿದ್ದಿರಬಹುದು, ನೀರು ನಿಂತಿರಬಹುದು. ಬುಡ ಬಿಡಿಸಿ ಬೇರು ನೋಡಬೇಕು.”

“ಮತ್ಯಾಕೆ ಹೇಳಿದ್ರಿ?”

“ಪುಕ್ಕಟೆ ಅಲ್ವಾ? ತಪ್ಪಾದ್ರೂ ಯಾರೂ ಕೇಳಲ್ಲ. ದುಡ್ಡು ತಗೊಂಡ್ರೆ ಕೇಳ್ತಾರೆ.”

ಅಲ್ಲಿಯವರೆಗೂ ದಾಕ್ಷಿಣ್ಯವನ್ನೇ ದೂರುತ್ತಿದ್ದವರು ಅಂದು ತಮ್ಮ ಹೆದರಿಕೆಯನ್ನು ಬಾಯಿಬಿಟ್ಟರು. ಬಿಟ್ಟಿ ಸಲಹೆ ಕೇಳಿದವರಿಗೂ ಖರ್ಚು ತಪ್ಪಲ್ಲ. 100 ಲೀಟರ್ ಬೋರ್ಡೋಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೇಕು, ಹೊಡೆಯುವ ಆಳಿನ ಕೂಲಿ ಬೇರೆ. ರೋಗವೇ ಬೇರೆಯಾಗಿದ್ದರೆ ಅಷ್ಟೂ ದಂಡ.

ಫೋಟೋ ನೋಡಿ ಮದ್ದು ಹೇಳಬೇಡಿ, ತೋಟಕ್ಕೆ ಹೊರಡುವ ಮುಂಚೆಯೇ ಫೀಸು ಬರೆದು ಕಳಿಸಿ ಎಂದೆ. “ಬುಡ ನೋಡದೆ ಹೇಳಲ್ಲ ಮಾವ, ಬಂದು ನೋಡೋಕೆ ಇಷ್ಟಾಗುತ್ತೆ.” ಇದನ್ನು ನನ್ನೆದುರೇ ಹೇಳಿಸಿದೆ. ‘ಇಷ್ಟಾಗುತ್ತೆ’ ಅನ್ನುವಷ್ಟರಲ್ಲಿ ದನಿ ಉಡುಗಿತು. ಮತ್ತೆ ಹೇಳಿಸಿದೆ. ಒಂದೆರಡು ಎಕರೆಯವರಿಗೆ ಪುಕ್ಕಟೆ ನೋಡುವ ಮನಸ್ಸಿದ್ದರೆ ಅದಕ್ಕೆ ದಿನ ನೀವೇ ಗೊತ್ತು ಮಾಡಿ, ಅವರು ಕರೆದಾಗಲೆಲ್ಲ ಓಡಬೇಡಿ ಎಂದೂ ಹೇಳಿದೆ.

ಜನರಿಗೆ ದುಡ್ಡಿನ ಆಸೆ ಹಚ್ಚುತ್ತೀರಿ ಎಂದು ನನ್ನನ್ನು ಬೈದವರಿದ್ದಾರೆ. ಬೈಯಲಿ. ತೋಟದ ನೆರಳುಮರದ ಕೊಂಬೆ ಕಡಿಯೋಕೆ, ಅಂದರೆ ಮರಗಸಿಗೆ, ಬಂದವನಿಗೆ ಸುಮ್ನೆ ಮರ ಹತ್ತು ಅಂತ ಇವರು ಯಾವತ್ತಾದರೂ ಹೇಳಿದ್ದಾರಾ? ಕಾಫಿ ಮಂಡಳಿಯವರು ಬಿಟ್ಟಿಯಾಗಿ ಹೇಳುತ್ತಾರಲ್ಲ ಅಂತಾರೆ. ಅವರಿಗೆ ಸರ್ಕಾರದ ಸಂಬಳ ಇದೆ. ಈಕೆಯ ಸ್ಕೂಟರ್‌ಗೆ ಪೆಟ್ರೋಲ್ ಯಾರು ಹಾಕಿಸುತ್ತಾರೆ?

ಈಗ ಫೋಟೋಗಳು ಕಡಿಮೆಯಾಗಿವೆ, ನಿದ್ದೆ ಪರವಾಗಿಲ್ಲ. ಫೀಸು ಕೊಟ್ಟವರು ಹೇಳಿದ್ದನ್ನು ಮಾಡಿಯೂ ನೋಡುತ್ತಾರಂತೆ. ಆ ಮಾವ ಮಾತ್ರ ಮುನಿಸಿಕೊಂಡಿದ್ದಾರೆ, ಹುತ್ತರಿ ಹಬ್ಬಕ್ಕೆ ಫೋನ್ ಕೂಡ ಮಾಡಲಿಲ್ಲ. ಅದು ಈಕೆಗೆ ಇನ್ನೂ ನೋವು. ಆ ಮಾತಾಡಲೆಂದೇ ಈಗಲೂ ಆಗಾಗ ಬರುತ್ತಾರೆ.