ಹೆಸರು ಬೇಡದ ಲೆಕ್ಕ, ಹೆಸರು ಬೇಕೇ ಬೇಕಾದ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು: ಸರಕಾರ ನಮ್ಮ ರಕ್ತವನ್ನೂ ಮಕ್ಕಳ ಚುಚ್ಚುಮದ್ದನ್ನೂ ಇಷ್ಟೊಂದು ಲೆಕ್ಕ ಹಾಕುವುದೇಕೆ? ಉಡುಪಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದೇ ಲೆಕ್ಕ ಬರೆಸುತ್ತ, ತಿದ್ದುತ್ತ ತಲೆ ನರೆತವನು ನಾನು. ಹಾಗಾಗಿ ಮೊಣಕಾಲು ನೋವಿನವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

*ಡಾಕ್ಟರೇ, ನಾನು ಐದು ತಿಂಗಳ ಗರ್ಭಿಣಿ. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತೆಗೆದಾಗ, ಉಳಿದದ್ದು ಎಚ್‌ಐವಿ ಸಮೀಕ್ಷೆಗೆ ಹೋಗುತ್ತದೆ ಎಂದು ಸಿಬ್ಬಂದಿ ಮಾತಾಡಿಕೊಂಡದ್ದು ಕಿವಿಗೆ ಬಿತ್ತು. ನನ್ನ ಹೆಸರು ದೆಹಲಿಗೆ ಹೋಗುತ್ತದೆಯೆ? ಅತ್ತೆಯವರಿಗೆ ತಿಳಿದರೆ ಏನೆಂದುಕೊಂಡಾರು?*
— ಹೆಸರು ಬೇಡ, ಕಾಪು

ಹೋಗುವುದಿಲ್ಲ. ನಿಮ್ಮ ರಕ್ತದಿಂದ ನಡೆಯುವ ಕೆಲಸ ಎರಡು. ಅವನ್ನು ಬೇರೆ ಬೇರೆಯಾಗಿ ನೋಡಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ಒಂದು, ನಿಮ್ಮ ಸ್ವಂತ ತಪಾಸಣೆ: ಹಿಮೋಗ್ಲೋಬಿನ್, ರಕ್ತದ ಗುಂಪು, ಸಿಫಿಲಿಸ್, ಎಚ್‌ಐವಿ. ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶವನ್ನು ನಿಮಗೇ ತಿಳಿಸಬೇಕು. ತಿಳಿಸದಿದ್ದರೆ ಕೇಳಿ ಪಡೆಯಿರಿ.

ಎರಡನೆಯದು ಸಮೀಕ್ಷೆ. ಸಿಫಿಲಿಸ್ ಪರೀಕ್ಷೆ ಮುಗಿದ ಮೇಲೆ ಕೊಳವೆಯಲ್ಲಿ ತುಸು ಸೀರಂ (ರಕ್ತದ ತಿಳಿ) ಉಳಿಯುತ್ತದಲ್ಲ, ಅದನ್ನು ಬೇರೊಂದು ಪುಟ್ಟ ಸೀಸೆಗೆ ಹಾಕಿ ಬರಿಯ ಸಂಕೇತ ಸಂಖ್ಯೆ ಅಂಟಿಸುತ್ತಾರೆ. ಜತೆಗಿನ ನಮೂನೆಯಲ್ಲಿ ವಯಸ್ಸು, ಓದು, ಎಷ್ಟನೆಯ ಬಸಿರು, ವಾಸ ಹಳ್ಳಿಯೋ ಪೇಟೆಯೋ, ಗಂಡನ ಉದ್ಯೋಗ ಇಂಥವು ಇರುತ್ತವೆ, ಹೆಸರು ಮಾತ್ರ ಇರುವುದಿಲ್ಲ. ಫಲಿತಾಂಶ ಬಂದ ಮೇಲೆ ಅದು ಯಾರದೆಂದು ಹುಡುಕಲು ಹೊರಟರೆ ರಕ್ತ ತೆಗೆದವರಿಗೂ ಸಿಗುವುದಿಲ್ಲ. ಸಿಗಬಾರದೆಂದೇ ಈ ಏರ್ಪಾಡು.

ದೇಶದಾದ್ಯಂತ ಇದು ನಡೆಯುತ್ತಿರುವುದು 1998ರಿಂದ. ಮೊದಲು ವರ್ಷಕ್ಕೊಮ್ಮೆ ಇತ್ತು, 2008ರ ನಂತರ ಎರಡು ವರ್ಷಕ್ಕೊಮ್ಮೆ. ಗೊತ್ತುಮಾಡಿದ ಆಸ್ಪತ್ರೆಗೆ ಮೂರು ತಿಂಗಳಲ್ಲಿ ಬರುವ 15ರಿಂದ 49 ವರ್ಷದ ಗರ್ಭಿಣಿಯರನ್ನು, 400 ಮಂದಿ ತುಂಬುವವರೆಗೆ, ಬಂದ ಸಾಲಿನಲ್ಲೇ ಸೇರಿಸುತ್ತ ಹೋಗುತ್ತಾರೆ. ‘ಇವರು ಒಳ್ಳೆಯ ಮನೆತನದವರು, ಬಿಡಿ’ ಎಂದು ಒಬ್ಬರನ್ನು ದಾಟಿಸಿದರೂ ಲೆಕ್ಕ ಕೆಟ್ಟಿತು. 2019ರ ಸುತ್ತಿನಲ್ಲಿ ದೇಶದ ಗರ್ಭಿಣಿಯರಲ್ಲಿ ಸೋಂಕು ಕಂಡದ್ದು ಶೇ. 0.24, ಅಂದರೆ ಹೆಚ್ಚುಕಡಿಮೆ 400ಕ್ಕೆ ಒಬ್ಬರು. ಒಂದು ಆಸ್ಪತ್ರೆಯ ಪಾಲಿಗೆ ಒಬ್ಬರು ಬರಬಹುದು, ಇಬ್ಬರು ಬರಬಹುದು, ಯಾರೂ ಬಾರದಿರಬಹುದು. ಅಷ್ಟರಿಂದ ಕಾಪುವಿನ ಬಗ್ಗೆ ಯಾವ ಪಂಡಿತನೂ ಏನನ್ನೂ ಹೇಳಲಾರ. ನೂರಾರು ಆಸ್ಪತ್ರೆಗಳದ್ದು ಕೂಡಿಸಿ, ಸುತ್ತಿನಿಂದ ಸುತ್ತಿಗೆ ಹೋಲಿಸಿದಾಗ ಮಾತ್ರ ಸೋಂಕು ಏರಿತೋ ಇಳಿಯಿತೋ ತಿಳಿಯುತ್ತದೆ.

ಗರ್ಭಿಣಿಯರೇ ಏಕೆ ಎಂಬುದು ನಿಮ್ಮ ಪತ್ರದಲ್ಲಿ ಬರೆಯದೆ ಬಿಟ್ಟ ಪ್ರಶ್ನೆ. ಅವರ ನಡತೆಯ ಮೇಲಿನ ಸಂಶಯದಿಂದಲ್ಲ. ಬಡವ-ಬಲ್ಲಿದ, ಹಳ್ಳಿ-ಪೇಟೆ ಎನ್ನದೆ ಆರೋಗ್ಯವಾಗಿರುವವರೂ ತಾವಾಗಿ ಬಂದು ರಕ್ತ ಕೊಡುವ ಜಾಗ ಬಸುರಿಯರ ತಪಾಸಣೆಯ ಕೊಠಡಿ. ಇದನ್ನು ಅತ್ತೆಯವರಿಗೂ ಓದಿ ಹೇಳಿ.

*ಹಿಂದೊಮ್ಮೆ ಪತ್ರಿಕೆಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರು ಎಂದು ಓದಿದ್ದೆ. ಮರುವರ್ಷವೇ 25 ಲಕ್ಷ ಎಂದರು. ಉಳಿದರ್ಧ ಎಲ್ಲಿ ಹೋದರು?*
— ನಿವೃತ್ತ ಅಧ್ಯಾಪಕ, ಕುಂದಾಪುರ

ಮಾಸ್ತರರೇ, ಅವರು ಎಲ್ಲಿಗೂ ಹೋಗಲಿಲ್ಲ, ಮೊದಲಿಗೆ ಇದ್ದದ್ದೇ ಅಂದಾಜು. 2006ರಲ್ಲಿ ನಮ್ಮ ಏಡ್ಸ್ ನಿಯಂತ್ರಣ ಸಂಸ್ಥೆ 52 ಲಕ್ಷ ಎಂದಿತು, ವಿಶ್ವಸಂಸ್ಥೆಯ ಏಡ್ಸ್ ವಿಭಾಗ 57 ಲಕ್ಷ ಎಂದಿತು. ಎರಡೂ ಮುಖ್ಯವಾಗಿ ಸರಕಾರಿ ಆಸ್ಪತ್ರೆಗಳ ಮಾದರಿಗಳನ್ನು ನೆಚ್ಚಿಕೊಂಡ ಅಂಕಿಗಳು. ಅಲ್ಲಿಗೆ ಬರುವವರು ಊರಿನ ಎಲ್ಲರನ್ನೂ ಹೋಲುವುದಿಲ್ಲ. ಅದೇ ಹೊತ್ತಿಗೆ, 2005–06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ಬೆರಳ ತುದಿಯ ರಕ್ತ ಪರೀಕ್ಷಿಸಿದರು. ಸಿಕ್ಕಿದ್ದು ಶೇ. 0.28. ಸಮೀಕ್ಷಾ ಆಸ್ಪತ್ರೆಗಳ ಸಂಖ್ಯೆಯನ್ನೂ ಆಗ ಬಹಳ ಹೆಚ್ಚಿಸಿದ್ದರು. ಎರಡನ್ನೂ ಕೂಡಿಸಿ 2007ರಲ್ಲಿ 25 ಲಕ್ಷ ಎಂದು ತಿದ್ದಿದರು.

ಹಾಗೆಂದು ಮನೆಮನೆಯ ಲೆಕ್ಕವೇ ಪರಮಸತ್ಯ ಎನ್ನಬೇಡಿ. ಲಾರಿಯಲ್ಲೇ ಮಲಗುವ ಚಾಲಕ, ಕಟ್ಟಡದ ಶೆಡ್ಡಿನಲ್ಲಿರುವ ಕೂಲಿ, ಲೈಂಗಿಕ ವೃತ್ತಿಯ ಹೆಂಗಸು, ಇವರು ಮನೆಯ ಬಾಗಿಲು ತಟ್ಟುವವರ ಕಣ್ಣಿಗೆ ಬೀಳುವುದು ಕಡಿಮೆ. ಅದಕ್ಕೇ ಅವರ ನಡುವೆ ಪ್ರತ್ಯೇಕ ಸಮೀಕ್ಷೆ ಇದೆ. ತಿದ್ದಿದ ಲೆಕ್ಕ ಎಂದರೆ ಜನ ನಗುತ್ತಾರೆ; ತಿದ್ದದ ಲೆಕ್ಕದ ಮೇಲೆ ನನಗೆ ಹೆಚ್ಚು ಅನುಮಾನ. 2023ರ ಅಂದಾಜೂ ಸುಮಾರು 25 ಲಕ್ಷವೇ. ಆದರೆ ಅದರ ಅರ್ಥ ಬದಲಾಗಿದೆ: ಉಚಿತ ಎಆರ್‌ಟಿ ಚಿಕಿತ್ಸೆ (ಎಚ್‌ಐವಿ ಹತ್ತಿಕ್ಕುವ ಮಾತ್ರೆಗಳು) 2004ರ ಏಪ್ರಿಲ್‌ನಲ್ಲಿ ಆರಂಭವಾದ ಮೇಲೆ ಸಾಯಬೇಕಾಗಿದ್ದವರು ಬದುಕಿ ಲೆಕ್ಕದಲ್ಲಿ ಉಳಿದಿದ್ದಾರೆ. ಹೊಸ ಸೋಂಕು ಇಳಿದರೂ ಒಟ್ಟು ಸಂಖ್ಯೆ ಅಷ್ಟಾಗಿ ಇಳಿಯದಿರುವುದಕ್ಕೆ ಅದೂ ಕಾರಣ.

*ಒಂದು ಸಭೆಯಲ್ಲಿ ಮಕ್ಕಳ ಲಸಿಕೆ ಶೇ. 102 ಸಾಧನೆ ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇದು ಹೇಗೆ ಸಾಧ್ಯ?*
— ಓದುಗ, ಸುರತ್ಕಲ್

ಚಪ್ಪಾಳೆ ತಟ್ಟದೆ ಕೂತವರು ನೀವೊಬ್ಬರಾದರೂ ಇದ್ದಿರಲ್ಲ! ಮದುವೆ ಮನೆಯಲ್ಲಿ ನೂರು ಜನ ಎಂದು ಅಂದಾಜು ಮಾಡಿ 102 ಎಲೆ ಬಿದ್ದರೆ ತಪ್ಪು ಎಲೆ ಎಣಿಸಿದವನದಲ್ಲ. ಇಲ್ಲಿಯೂ ಹಾಗೆ. ಮೇಲಿನ ಸಂಖ್ಯೆ ಲಸಿಕೆ ಹಾಕಿಸಿಕೊಂಡ ಮಕ್ಕಳದ್ದು, ಕೆಳಗಿನದು ಆ ವರ್ಷ ಇಷ್ಟು ಮಕ್ಕಳು ಹುಟ್ಟಿಯಾರು ಎಂಬ ಅಂದಾಜು. ಆ ಅಂದಾಜು ಹಳೆಯ ಜನಗಣತಿಯಿಂದ ಮುಂದಕ್ಕೆ ಎಳೆದದ್ದು.

ನಮ್ಮ ಕರಾವಳಿಯಲ್ಲಿ ಈ ಕೆಳಗಿನ ಸಂಖ್ಯೆ ಒಂದು ಕಡೆ ನಿಂತದ್ದೇ ಇಲ್ಲ. ಮುಂಬೈಯಲ್ಲಿರುವ ಮಗಳು ಹೆರಿಗೆಗೆ ಬ್ರಹ್ಮಾವರದ ತವರಿಗೆ ಬರುತ್ತಾಳೆ, ಮಗುವಿಗೆ ಬಿಸಿಜಿ (ಕ್ಷಯದ ಲಸಿಕೆ) ಮತ್ತು ಮೊದಲ ಪೆಂಟಾ (ಐದು ರೋಗಗಳಿಗೆ ಒಂದೇ ಲಸಿಕೆ) ಇಲ್ಲಿ ಆಗುತ್ತದೆ, ಬಾಣಂತನ ಮುಗಿಸಿ ಹೋದಮೇಲೆ ಉಳಿದದ್ದು ಅಲ್ಲಿ. ಮಲ್ಪೆಯ ಬೋಟುಗಳಲ್ಲಿ ದುಡಿಯುವ ಹೊರಗಿನವರಲ್ಲಿ ಬಹಳ ಮಂದಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧಕ್ಕೆ ಊರಿಗೆ ಹೋಗಿ ಆಗಸ್ಟಿನಲ್ಲಿ ಮರಳುತ್ತಾರೆ. ಮಂಗಳೂರಿನ ಕಟ್ಟಡಗಳಿಗೆ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದವರು ಒಂದು ಸ್ಲ್ಯಾಬ್ ಮುಗಿದರೆ ಇನ್ನೊಂದು ಕಡೆಗೆ ಸಾಗುತ್ತಾರೆ. ಶೇ. 102ರ ಒಳಗೆ ತವರಿಗೆ ಬಂದ ಕೂಸುಗಳೂ ಸೇರಿವೆ, ಶೆಡ್ಡಿನ ಹಿಂದೆ ಆಡುವ ಮಗು ಬಿಟ್ಟುಹೋಗಿದೆ. ದಡಾರ ಹುಡುಕಿಕೊಂಡು ಹೋಗುವುದು ಆ ಮಗುವನ್ನೇ. ದಡಾರ ಹರಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು.

ಹಾಗಾಗಿಯೇ ಹೊರಗಿನವರು ಬಂದು ಮನೆಮನೆ ನೋಡುವುದು. ಕುಟುಂಬ ಆರೋಗ್ಯ ಸಮೀಕ್ಷೆಯವರು 12ರಿಂದ 23 ತಿಂಗಳ ಮಕ್ಕಳ ಕಾರ್ಡ್ ಕೇಳುತ್ತಾರೆ, ಕಾರ್ಡ್ ಇಲ್ಲದಿದ್ದರೆ ತಾಯಿಯ ನೆನಪನ್ನು ಬರೆದುಕೊಳ್ಳುತ್ತಾರೆ. ಬಿಸಿಜಿ, ಮೂರು ಪೋಲಿಯೊ, ಮೂರು ಡಿಪಿಟಿ ಅಥವಾ ಪೆಂಟಾ, ಒಂದು ದಡಾರದ ಲಸಿಕೆ ಆಗಿದ್ದರೆ ಪೂರ್ಣ. ಈ ಅಳತೆಯಲ್ಲಿ ಕರ್ನಾಟಕ 2015–16ರಲ್ಲಿ ಶೇ. 62.6, 2019–21ರಲ್ಲಿ ಶೇ. 84.1. ಚಪ್ಪಾಳೆ ತಟ್ಟುವುದಿದ್ದರೆ ಈ ಏರಿಕೆಗೆ ತಟ್ಟಿ, ನಾನೂ ಸೇರುತ್ತೇನೆ.

*ಮೊಮ್ಮಗನಿಗೆ ಕೆಲವು ಚುಚ್ಚುಮದ್ದು ಮಸ್ಕತ್‌ನಲ್ಲಿ, ಕೆಲವು ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಆಗಿವೆ. ಆದರೂ ಆಶಾ ಕಾರ್ಯಕರ್ತೆ ಬಂದು ಕಾರ್ಡ್ ತೋರಿಸಿ ಎನ್ನುತ್ತಾಳೆ. ನಾವೇಕೆ ತೋರಿಸಬೇಕು?*
— ಓರ್ವ ಅಜ್ಜಿ, ಬಜ್ಪೆ

ತೋರಿಸಿ ಅಮ್ಮ, ಒಂದು ಲೋಟ ನೀರನ್ನೂ ಕೊಡಿ, ಬಿಸಿಲಲ್ಲಿ ಬಂದಿರುತ್ತಾಳೆ. ಎಚ್‌ಐವಿ ಸಮೀಕ್ಷೆಗೆ ಹೆಸರು ಬೇಡ, ಲಸಿಕೆಗೆ ಹೆಸರಿಲ್ಲದೆ ಆಗುವುದಿಲ್ಲ. ಆಕೆಯ ಪುಸ್ತಕದಲ್ಲಿ ನಿಮ್ಮ ಮೊಮ್ಮಗ ‘ಬಾಕಿ’ ಪಟ್ಟಿಯಲ್ಲಿ ಇರುತ್ತಾನೆ, ನೀವು ತೋರಿಸುವವರೆಗೂ ಬಾಕಿಯೇ. ಮಸ್ಕತ್‌ನ ಪುಸ್ತಕದ ದಿನಾಂಕಗಳನ್ನು ತಾಯಿ ಕಾರ್ಡಿಗೆ ಬರೆಸಿಕೊಳ್ಳಿ, ಎರಡರ ಫೋಟೊವನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಈಗ ಯು-ವಿನ್ ಎಂಬ ಆನ್‌ಲೈನ್ ದಾಖಲೆಯೂ ಬಂದಿದೆ. 16ರಿಂದ 24 ತಿಂಗಳ ನಡುವಿನ ಎರಡನೆಯ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ಮತ್ತು ಡಿಪಿಟಿ ಬೂಸ್ಟರ್ ಆಗಿದೆಯೇ ನೋಡಿ. ಊರು ಬದಲಿಸುವವರು ಮರೆಯುವುದು ಅದನ್ನೇ.

*ನನಗೆ ಎಚ್‌ಐವಿ ಇದೆ, ಮಾತ್ರೆ ತಪ್ಪಿಸಿಲ್ಲ. ಮಗುವಿಗೆ ಒಂದು ತಿಂಗಳು. ಬೇರೆ ಮಕ್ಕಳ ಹಾಗೆ ಲಸಿಕೆ ಹಾಕಿಸಬಹುದೆ? ಹಾಕಿಸಲು ಹೋದರೆ ಊರಿಗೆಲ್ಲ ಗೊತ್ತಾಗುವುದೆ?*
— ಹೆಸರು, ಊರು ಬೇಡ

ಹಾಕಿಸಬಹುದು ಮಾತ್ರವಲ್ಲ, ಒಂದನ್ನೂ ತಪ್ಪಿಸಬಾರದು. ಹುಟ್ಟಿದಾಗ ಬಿಸಿಜಿ ಆಗಿರಬೇಕು. ಆಗಿಲ್ಲವಾದರೆ ಮಗು ಆರೋಗ್ಯವಾಗಿದೆಯೇ ಎಂದು ನೋಡಿ ವೈದ್ಯರು ಹಾಕುತ್ತಾರೆ. ಆರು, ಹತ್ತು, ಹದಿನಾಲ್ಕು ವಾರಗಳ ಲಸಿಕೆಗಳು ಎಲ್ಲ ಮಕ್ಕಳಿಗೆ ಹೇಗೋ ಹಾಗೆಯೇ. ಒಂಬತ್ತು ತಿಂಗಳ ಎಂಆರ್ ಅನ್ನು ಮುಂದೂಡುವುದು ಮಗುವಿಗೆ ಸೋಂಕು ತಗಲಿ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ್ದರೆ ಮಾತ್ರ. ಸೋಂಕು ತಗಲದಂತೆ ಮಗುವಿಗೆ ಕೊಟ್ಟಿರುವ ನೆವಿರಪಿನ್ ಸಿರಪ್ ಸಾಮಾನ್ಯವಾಗಿ ಆರು ವಾರ. ಕೆಲವರಿಗೆ ಹೆಚ್ಚು ದಿನ ಬೇಕಾಗುತ್ತದೆ, ನಿಮ್ಮ ಎಆರ್‌ಟಿ ಕೇಂದ್ರ ಹೇಳಿದಷ್ಟು ಕೊಡಿ. ನೀವು ಮಾತ್ರೆ ತೆಗೆದುಕೊಳ್ಳುತ್ತ ಎದೆಹಾಲು ಕೊಡಬಹುದು. ಮೊದಲ ಆರು ತಿಂಗಳು ಎದೆಹಾಲೊಂದೇ ಇರಲಿ, ನಡುವೆ ಹಸುವಿನ ಹಾಲು ಬೆರೆಸಬೇಡಿ.

ಆರನೆಯ ವಾರ ನಿಮಗೆ ದೊಡ್ಡ ದಿನ. ಪೆಂಟಾ ಹಾಕಿಸುವ ಆ ಹೊತ್ತಿಗೇ ಮಗುವಿನ ಮೊದಲ ಎಚ್‌ಐವಿ ಪರೀಕ್ಷೆ. ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ, ದಪ್ಪ ಕಾಗದದ ಮೇಲೆ ಅಚ್ಚಾದ ಐದು ವೃತ್ತಗಳಿಗೆ ಒಂದೊಂದು ಹನಿ ರಕ್ತ ತುಂಬುತ್ತಾರೆ. ಅದನ್ನು ಮಟ್ಟಸವಾಗಿ ಇಟ್ಟು ನೆರಳಲ್ಲಿ ಕೆಲವು ಗಂಟೆ ಒಣಗಿಸಿ, ತೇವ ಹೀರುವ ಪುಡಿಯ ಪೊಟ್ಟಣದೊಂದಿಗೆ ಚೀಲಕ್ಕೆ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆಟಿಯ ಮಳೆಯಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಈ ಕಾಗದವನ್ನು ಕಾಯುವುದು ಸುಮ್ಮನೆಯೆ! ಆದ್ದರಿಂದ ‘ಸ್ವಲ್ಪ ಕುಳಿತಿರಿ’ ಎಂದರೆ ಬೇಸರಿಸಬೇಡಿ. ಪರೀಕ್ಷೆ ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ ಮತ್ತೆ ಇದೆ, ಕೊನೆಯ ತೀರ್ಮಾನ ಹದಿನೆಂಟು ತಿಂಗಳಿಗೆ. ಆರು ವಾರದ ಫಲಿತಾಂಶ ಚೆನ್ನಾಗಿ ಬಂತೆಂದು ಉಳಿದವನ್ನು ಬಿಡುವವರಿದ್ದಾರೆ, ನೀವು ಬಿಡಬೇಡಿ.

ಗುಟ್ಟಿನ ಮಾತು. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿದೆ. ಕಾನೂನು ಹೇಳಿದ ಕೆಲವು ಸಂದರ್ಭಗಳನ್ನು ಬಿಟ್ಟರೆ, ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಈ ವಿಷಯವನ್ನು ಆಸ್ಪತ್ರೆಯವರು ಯಾರಿಗೂ ಹೇಳುವಂತಿಲ್ಲ. ಲಸಿಕೆಗೆ ಅಂಗನವಾಡಿಗೆ ಹೋದಾಗ ಅಲ್ಲಿನ ಯಾರಿಗೂ ನೀವು ಇದನ್ನು ಹೇಳಬೇಕಾಗಿಲ್ಲ. ಹತ್ತಿರದ ಕಡೆ ಮುಜುಗರ ಎನಿಸಿದರೆ ಮಂಗಳೂರಿನ ವೆನ್‌ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಯಲ್ಲೇ ಎಆರ್‌ಟಿ ಮಾತ್ರೆ, ಮಗುವಿನ ಲಸಿಕೆ ಎರಡನ್ನೂ ಒಂದೇ ದಿನ ಮುಗಿಸುವಂತೆ ಆಪ್ತಸಮಾಲೋಚಕರಲ್ಲಿ ಕೇಳಿ. 1097ಕ್ಕೆ ಕರೆ ಮಾಡಿದರೆ ಹೆಸರು ಹೇಳದೆಯೂ ಮಾತಾಡಬಹುದು, ಕರೆ ಉಚಿತ.

*ಪೋಲಿಯೊ ಹೋಗಿ ಎಷ್ಟೋ ವರ್ಷವಾಯಿತು. ಇನ್ನೂ ಹನಿ ಹಾಕಿ ಮಕ್ಕಳ ಕಿರುಬೆರಳಿಗೆ ಶಾಯಿ ಬಳಿಯುವುದೇಕೆ?*
— ಬೋಟು ಮಾಲಕ, ಮಲ್ಪೆ

ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ, ಹೌರಾದಲ್ಲಿ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಇನ್ನೂ ಇದೆ, ವೈರಸ್‌ಗೆ ವೀಸಾ ಬೇಡ. ಹನಿಗಿಂತ ನೀವು ನೆನಪಿಡಬೇಕಾದದ್ದು ಇನ್ನೊಂದು. ನಿಮ್ಮ ಕೆಲಸಗಾರರ ಮನೆಯಲ್ಲಿ 15 ವರ್ಷದೊಳಗಿನ ಯಾವ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತರೂ ಎಣ್ಣೆ ತಿಕ್ಕಿಸುತ್ತ ದಿನ ಕಳೆಯಲು ಬಿಡಬೇಡಿ. ಸೋತ 14 ದಿನಗಳೊಳಗೆ, 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಮಾದರಿ ಪೋಲಿಯೊ ಪರೀಕ್ಷೆಗೆ ಹೋಗಬೇಕು. ಪೋಲಿಯೊ ಅಲ್ಲ ಎಂದೇ ವರದಿ ಬರುತ್ತದೆ, ಬರಲಿ. ಬೇರೆ ಕಾರಣಗಳಿಂದ ಹೀಗೆ ಸೋಲುವ ಮಕ್ಕಳು ವರ್ಷಕ್ಕೆ ಲಕ್ಷಕ್ಕೆ ಇಬ್ಬರಾದರೂ ಪತ್ತೆಯಾಗದ ಜಿಲ್ಲೆಯಲ್ಲಿ ಇಲಾಖೆ ಕಣ್ಣು ಮುಚ್ಚಿ ಕೂತಿದೆ ಎಂದೇ ಮೇಲಿನವರು ತಿಳಿಯುತ್ತಾರೆ. ಮಗುವನ್ನು ನಿಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿ, ಬಾಡಿಗೆ ಕೇಳಬೇಡಿ.