ಧಾರಾವಾಹಿಯ ಕೂಸು ಅತ್ತಿತು, ನಮ್ಮ ಹುಡುಗಿ ಅಳುತ್ತಿಲ್ಲ

ಪ್ರಶ್ನೆ: ನನ್ನ ತಂಗಿ ಹತ್ತು ತಿಂಗಳ ಹಿಂದ ಟಂಟಂ ಪಲ್ಟಿಯಾಗಿ ತೀರಿಕೊಂಡಳು. ಪಕ್ಕದಾಗ ಕುಂತಿದ್ದ ಮಗಳಿಗೆ ಕೈ ಮುರೀತು, ಜೀವ ಉಳೀತು. ಹುಡುಗಿಗೆ ಈಗ ಎಂಟು ವರ್ಷ. ಅಪ್ಪ ಗೋವಾದಾಗ ಕೆಲಸಕ್ಕಿದ್ದಾರ, ಆಕಿ ನಮ್ಮ ಮನ್ಯಾಗ ಇರ್ತಾಳ. ಅವ್ವನ ಸಲುವಾಗಿ ಒಂದ್ ದಿನಾನೂ ಬಿಕ್ಕಿ ಅತ್ತಿಲ್ಲ. ನಗ್ತಾಳ, ಆಡ್ತಾಳ. ಆದ್ರ ಹಾಸಿಗಿ ಒದ್ದಿ ಮಾಡ್ಕೋತಾಳ, ರಾತ್ರಿ ಚೀರಿ ಏಳ್ತಾಳ, ಟಂಟಂ ಹತ್ತೂದಿಲ್ಲ. ಕಡ್ಡಿಪೆಟಗಿ ಸಾಲಾಗಿ ಇಟ್ಟು ಒಂದನ್ನ ದಬ್ ಅಂತ ಕೆಡವೂದು, ದಿನಾ ಅದ ಆಟ. ಮೊದಲ ಕುಲ್ಫಿ ಅಂದ್ರ ಜೀವ ಬಿಡ್ತಿದ್ಲು, ಈಗ ಗಾಡಿ ಗಂಟಿ ಕೇಳಿದ್ರ ಒಳಗ ಓಡ್ತಾಳ. ನಾವು ನೋಡೋ ಧಾರಾವಾಹಿಯೊಳಗ ಇಂಥದ ಒಂದ್ ಕೂಸು ಮಾತು ಬಿಟ್ಟಿತ್ತು. ಅಪಘಾತ ಆದ ಜಾಗಕ್ಕ ಕರ್ಕೊಂಡ್ ಹೋದ ಕೂಡಲೇ ‘ಅವ್ವಾ’ ಅಂತ ಚೀರಿ ಅತ್ತು ಸರಿಹೋತು. ವರ್ಷದ ತಿಥಿ ಸಮೀಪ ಬಂತು, ನಾವೂ ಆಕೀನ ಅವತ್ತ ಅಲ್ಲಿಗೆ ಕರ್ಕೊಂಡ್ ಹೋಗೂಣು, ಒಮ್ಮೆ ಅತ್ತುಬಿಟ್ರ ಹಗುರಾಗ್ತಾಳ ಅಂತಾರ ಯಜಮಾನರು. ಅತ್ತಿಯವರು ತಾಯತ ಕಟ್ಟಸೂಣು ಅಂತಾರ. ನನಗ ನನ್ನ ಪ್ರೀತೀನ ಕಡಿಮಿ ಬಿತ್ತೇನೋ ಅನಸ್ತದ. ಏನ್ ಮಾಡ್ಲಿ?
— ಹೆಸರು ಬೇಡ, ಗದಗ-ಬೆಟಗೇರಿ

ಉತ್ತರ: ಅಕ್ಕಾರ, ತಿಥಿಯ ದಿನ ಹುಡುಗಿಯನ್ನು ಆ ಜಾಗಕ್ಕೆ ಕರೆದೊಯ್ಯಬೇಡಿ. ಉಳಿದದ್ದೆಲ್ಲ ಆಮೇಲೆ.

ಯಜಮಾನರ ಮನಸ್ಸು ಒಳ್ಳೆಯದೇ. ಆದರೆ ಅವರ ಲೆಕ್ಕದಲ್ಲಿ ದುಃಖವೆಂದರೆ ಕಟ್ಟಿಕೊಂಡ ಗಟಾರ. ಒಮ್ಮೆ ಕೋಲು ಹಾಕಿ ತಿವಿದರೆ ಎಲ್ಲ ಹರಿದುಹೋಗಬೇಕು. ದೊಡ್ಡವರ ವಿಷಯದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ: ಅನಾಹುತದ ನಂತರ ಒಂದೇ ಸಲ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸಿ ಕಳಿಸುವ ಪದ್ಧತಿಯಿಂದ ಮುಂದಿನ ತೊಂದರೆ ತಪ್ಪುವುದಿಲ್ಲ. ಸಿದ್ಧತೆಯಿಲ್ಲದ ಮಗು ಆ ರಸ್ತೆಯ ಬದಿಗೆ ನಿಂತು ಚೀರಿದರೆ ಅದು ಮತ್ತೊಮ್ಮೆ ಅಂಜಿ ಚೀರಿದ್ದು, ಅಷ್ಟೇ. ನೀವು ಗಾಬರಿಬಿದ್ದು ಎತ್ತಿಕೊಂಡು ಓಡಿ ಬರುತ್ತೀರಿ. ಓಡಿದ್ದಕ್ಕೇ ಉಳಿದೆ ಎಂದು ಅವಳ ಮೈ ಕಲಿಯುತ್ತದೆ. ಮರುದಿನದಿಂದ ಟಂಟಂ ಜೊತೆಗೆ ದೊಡ್ಡಪ್ಪನ ಮೇಲೂ ಅನುಮಾನ ಶುರು.

ಧಾರಾವಾಹಿ ಬರೆಯುವವರ ಕಷ್ಟವೂ ಅರ್ಥವಾಗುತ್ತದೆ. ಚೇತರಿಕೆಯನ್ನು ಇದ್ದದ್ದು ಇದ್ದ ಹಾಗೆ ತೋರಿಸಿದರೆ ಸೋಮವಾರ ಹಾಸಿಗೆ ಒಣಗಿತ್ತು, ಮಂಗಳವಾರ ಒದ್ದೆ, ಬುಧವಾರ ಮತ್ತೆ ಒಣಗಿತ್ತು ಎಂದು ಇನ್ನೂರು ಕಂತು ಎಳೆಯಬೇಕಾಗುತ್ತದೆ. (ಇನ್ನೂರು ಕಂತು ಎಳೆಯುವುದು ಅವರಿಗೇನೂ ಹೊಸದಲ್ಲ, ಆದರೆ ಹಾಸಿಗೆಯ ಸಲುವಾಗಿ ಎಳೆಯುವುದಿಲ್ಲ.) ಹಾಗಾಗಿ ಕ್ಯಾಮೆರಾಕ್ಕೆ ಕಾಣುವ ಲಕ್ಷಣವನ್ನೇ ಆರಿಸುತ್ತಾರೆ: ಮಗು ಮಾತು ಬಿಡುತ್ತದೆ. ನಿಜದಲ್ಲಿ ಆಘಾತದಿಂದ ಪೂರ್ತಿ ಮಾತು ನಿಲ್ಲುವುದು ಅಪರೂಪ. ಮನೆಯಲ್ಲಿ ಹರಟೆ ಹೊಡೆದು ಶಾಲೆಯಲ್ಲಿ ಮಾತ್ರ ಬಾಯಿ ಬಿಡದ ಮಕ್ಕಳುಂಟು; ಅವರಲ್ಲಿ ಹೆಚ್ಚಿನವರಿಗೆ ಇರುವುದು ಒಂದು ಬಗೆಯ ಆತಂಕದ ತೊಂದರೆ, ಹಿಂದೆ ಯಾವ ಅನಾಹುತವೂ ನಡೆದಿರುವುದಿಲ್ಲ. ಎಲ್ಲ ಮರೆತುಹೋಗಿ, ಒಂದು ದಿನ ಮಿಂಚಿನಂತೆ ನೆನಪಾಗುವುದೂ ಹಾಗೆಯೇ ಅಪರೂಪ. ಎಂಟು ವರ್ಷದ ಮಕ್ಕಳಿಗೆ ಇಂಥದ್ದು ಮರೆಯುವುದಿಲ್ಲ, ಬೇಡವೆಂದಾಗಲೂ ನೆನಪಾಗುತ್ತದೆ. ಕಥೆಗಳು ಸರಿಯಾಗಿ ಹಿಡಿದಿರುವುದು ಒಂದನ್ನು: ಸದ್ದು, ವಾಸನೆ, ಬೆಳಕು ಕ್ಷಣದಲ್ಲಿ ಮಗುವನ್ನು ಅದೇ ಗಳಿಗೆಗೆ ಎಳೆದೊಯ್ಯುತ್ತವೆ. ನಿಮ್ಮ ಹುಡುಗಿಗೆ ಅದು ಡೀಸೆಲ್ ವಾಸನೆಯೋ, ಹಾರ್ನೋ, ಗಕ್ಕನೆ ಹಾಕಿದ ಬ್ರೇಕೋ, ಗಮನಿಸಿ.

ಅಳದಿರುವ ಬಗ್ಗೆ. ಈ ವಯಸ್ಸಿನವರ ದುಃಖ ಶ್ರಾವಣದ ಮಳೆಯಂತೆ. ಹತ್ತು ನಿಮಿಷ ಸುರಿದು ಬಿಸಿಲು ಬೀಳುತ್ತದೆ, ಮಕ್ಕಳು ಆಡಲು ಹೋಗುತ್ತವೆ. ನಗುವುದರಿಂದ ಅವ್ವನನ್ನು ಮರೆತಳೆಂದೂ ಅಲ್ಲ, ಮನೆಯವರೆಲ್ಲ ಕಾಯುತ್ತಿರುವ ಆ ದೊಡ್ಡ ಅಳು ಬರಲೇಬೇಕೆಂದೂ ಇಲ್ಲ. ಅವಳು ಅಳುತ್ತಿರುವುದು ಹಾಸಿಗೆಯಲ್ಲಿ, ಕಡ್ಡಿಪೆಟ್ಟಿಗೆಯಲ್ಲಿ.

ಆ ಕಡ್ಡಿಪೆಟ್ಟಿಗೆಯ ಆಟ ಮನೋವೈದ್ಯರಿಗೆ ಚೆನ್ನಾಗಿ ಪರಿಚಿತ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಚೌಚಿಲ್ಲಾ ಎಂಬ ಊರಿನಲ್ಲಿ ಶಾಲಾ ಬಸ್ಸಿನಿಂದ 26 ಮಕ್ಕಳನ್ನು ಅಪಹರಿಸಿ, ಕಲ್ಲಿನ ಕ್ವಾರಿಯಲ್ಲಿ ಹೂತಿಟ್ಟಿದ್ದ ವಾಹನದೊಳಗೆ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಲೆನೋರ್ ಟೆರ್ ಎಂಬ ಮಕ್ಕಳ ಮನೋವೈದ್ಯೆ ಆ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಒಂದೇ ಆಟ, ಒಂದೇ ಕೊನೆ, ಖುಷಿಯಿಲ್ಲದ ಆಟ: ಅದನ್ನು ಅವರು ವಿವರವಾಗಿ ಬರೆದಿಟ್ಟರು. ನಾಲ್ಕು ವರ್ಷದ ನಂತರವೂ ಪ್ರತಿಯೊಬ್ಬರಲ್ಲೂ ಏನಾದರೊಂದು ತೊಂದರೆ ಉಳಿದೇ ಇತ್ತು. ಅವರು ಕಂಡ ಇನ್ನೊಂದು ಸಂಗತಿ ನಿಮ್ಮ ಪತ್ರಕ್ಕೆ ಬೇಕಾದದ್ದು, ಅದಕ್ಕೆ ಕೊನೆಗೆ ಬರೋಣ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ಭಯಂಕರವಾದದ್ದನ್ನು ಅನುಭವಿಸಿದ ಮಕ್ಕಳಲ್ಲಿ ನೂರಕ್ಕೆ ಸುಮಾರು 16 ಮಂದಿಗೆ ಮಾತ್ರ ಪಿಟಿಎಸ್‌ಡಿ ಎಂಬ, ಆಘಾತದ ನೆನಪು-ಹೆದರಿಕೆ ಬಿಡದೆ ಕಾಡುವ ಕಾಯಿಲೆ ಬರುತ್ತದೆ ಎನ್ನುತ್ತದೆ 2014ರ ಒಂದು ಸಮೀಕ್ಷೆ. ಆದರೆ ತನ್ನಷ್ಟಕ್ಕೆ ತಾನೇ ಆಗುವ ಚೇತರಿಕೆಯ ಬಹುಪಾಲು ಮೊದಲ ಆರು ತಿಂಗಳಲ್ಲೇ ಆಗಿಬಿಡುತ್ತದೆ. ನಿಮಗೆ ಹತ್ತು ತಿಂಗಳಾಗಿದೆ. ‘ಕಾಲವೇ ಔಷಧಿ’ ಎನ್ನುವ ಮಾತಿನ ಅವಧಿ ಮುಗಿಯಿತೆಂದು ತಿಳಿದು ಆಸ್ಪತ್ರೆಗೆ ಹೊರಡಿ. ನಿಮ್ಮ ಪ್ರೀತಿ ಕಡಿಮೆ ಬಿದ್ದಿಲ್ಲ. ಮುರಿದ ಕೈಗೆ ಪ್ರೀತಿಯ ಜೊತೆ ಪ್ಲಾಸ್ಟರ್ ಕೂಡ ಹಾಕಿಸಿದಿರಲ್ಲ, ಹಾಗೆಯೇ ಇದು.

ಗದಗಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಜಿಮ್ಸ್‌ನ ಮನೋರೋಗ ವಿಭಾಗ ನಿಮಗೆ ಹತ್ತಿರ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು. ರೈಲಿನಲ್ಲಿ ಹೋಗಿ, ಅವಳು ರೈಲಿಗೆ ಹೆದರದಿದ್ದರೆ. ಹೊರಡುವ ಮುನ್ನ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಯಲ್ಲಿ ‘ಪಾಲಕರನ್ನೂ ಜೊತೆಗೆ ಕೂರಿಸಿಕೊಂಡು, ಆಘಾತದ ಸಲುವಾಗಿಯೇ ಮಕ್ಕಳಿಗೆ ಮಾತಿನ ಚಿಕಿತ್ಸೆ ಮಾಡುವವರು ಯಾರು?’ ಎಂದು ಕೇಳಿ. ಅದು ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿಯ ಕೆಲಸ. ಮೊದಲ ಕೆಲವು ಭೇಟಿಗಳಲ್ಲಿ ಅಪಘಾತದ ಸುದ್ದಿಯನ್ನೇ ತೆಗೆಯದೆ ಉಸಿರು, ನಿದ್ದೆ, ಸಿಟ್ಟು-ಹೆದರಿಕೆಗಳ ಹೆಸರು ಕಲಿಸುತ್ತಾರೆ. ‘ಏನೂ ಮಾಡ್ಲಿಲ್ಲ, ಬರೇ ಆಟ ಆಡಿಸಿ ಕಳಿಸಿದ್ರು’ ಎಂದು ಮೂರನೇ ವಾರಕ್ಕೇ ಬಿಟ್ಟುಬಿಡುವವರು ಬಹಳ. ನಡೆದದ್ದನ್ನು ಹೇಳಿಸುವುದು ಆಮೇಲೆ, ಚೂರುಚೂರಾಗಿ. ಆ ಹೊತ್ತಿಗೆ ಒಂದೆರಡು ವಾರ ಕನಸು ಹೆಚ್ಚಾಗಬಹುದು. ಅದಕ್ಕೆ ಅಂಜಿ ನಿಲ್ಲಿಸಬೇಡಿ, ಅವರಿಗೆ ತಿಳಿಸಿ. ರಾತ್ರಿ ಚೀರುತ್ತಾಳೆಂದು ಅಂಗಡಿಯಿಂದ ನಿದ್ದೆಗುಳಿಗೆ ತಂದು ಕೊಡುವುದು ಮಾತ್ರ ಬೇಡವೇ ಬೇಡ.

‘ಅವ್ವನ ಕಡೆ ಹೋಗ್ತೀನಿ’ ಎಂದಾಳು. ಬಹಳ ಸಲ ಅದು ಹಂಬಲ. ಆದರೂ ನೇರವಾಗಿ ಕೇಳಿ: ‘ಸಾಯಬೇಕು ಅನಸ್ತದೇನು?’ ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಈಗ ಮನೆಯ ಕೆಲಸ. ಹಾಸಿಗೆಯಿಂದ ಶುರು ಮಾಡಿ. ಮೊದಲೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇದ್ದರೂ ಹೀಗಾಗುತ್ತದೆ, ಎಲ್ಲದಕ್ಕೂ ಹೆದರಿಕೆಯೇ ಕಾರಣವೆಂದು ಕೂರಬಾರದು. ಹಗಲು ಸಾಕಷ್ಟು ನೀರು ಕುಡಿಯಲಿ, ಮಲಗುವ ಮುನ್ನ ಮೂತ್ರಕ್ಕೆ ಕಳಿಸಿ. ಹಾಸಿಗೆಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಹಳೆ ಸೀರೆಯ ಮಡಿಕೆ; ತಲೆದಿಂಬಿನ ಪಕ್ಕ ಒಣ ಬಟ್ಟೆಯ ಒಂದು ಜೊತೆ. ಒದ್ದೆಯಾದರೆ ಬಟ್ಟೆ ಬದಲಿಸಿ ಮಲಗಿಸುವುದಷ್ಟೇ, ಮಾತಿಲ್ಲ. ಬೆಳಿಗ್ಗೆ ಓಣಿಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಹಾಸಿಗೆ ಒಣಹಾಕುವುದಂತೂ ಬೇಡ, ಹಿತ್ತಲಲ್ಲಿ ಹಾಕಿ.

ಚೀರಿ ಎದ್ದಾಗ ದೀಪ ಹಾಕಿ, ಹೆಸರು ಹಿಡಿದು ಕರೆಯಿರಿ: ‘ಇದು ನಮ್ಮ ಮನಿ, ನಾನು ದೊಡ್ಡವ್ವ, ನಿನ್ನ ಕೈ ಹಿಡಕೊಂಡೀನಿ.’ ನಂತರ ಬಸಿಯಲ್ಲಿನ ಬಿಸಿ ಚಹಾ ಊದುವಂತೆ ಊದಿಸಿ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಹತ್ತು ಸಲ. ಇದನ್ನು ಹಗಲು, ಹೆದರಿಕೆ ಇಲ್ಲದಾಗ, ಆಟದಂತೆ ದಿನಾ ಎರಡು ಸಲ ಮಾಡಿಸಿರಬೇಕು. ನಡುರಾತ್ರಿ ಮೊದಲ ಸಲ ಕಲಿಸಲು ಹೋದರೆ ಆಗುವುದಿಲ್ಲ. ಧಾರಾವಾಹಿಯ ಹೊತ್ತಿಗೆ ಹುಡುಗಿ ಅದೇ ಪಡಸಾಲೆಯಲ್ಲಿ ಅಭ್ಯಾಸಕ್ಕೆ ಕೂತಿರುತ್ತಾಳೋ ಹೇಗೆ? ಹಾಗಿದ್ದರೆ ಆ ಅಪಘಾತದ ದೃಶ್ಯ ಅವಳೂ ನೋಡಿದ್ದಾಳೆ ಎಂದಾಯಿತು.

ಕಡ್ಡಿಪೆಟ್ಟಿಗೆಯ ಆಟ ಬಿಡಿಸಬೇಡಿ. ನೆಲದ ಮೇಲೆ ಪಕ್ಕಕ್ಕೆ ಕೂತು ಮೊದಲ ಮೂರ್ನಾಲ್ಕು ದಿನ ಸುಮ್ಮನೆ ನೋಡಿ. ಆಮೇಲೆ ಒಂದು ಪೆಟ್ಟಿಗೆಗೆ ಬಿಳಿ ಕಾಗದ ಸುತ್ತಿ, ಮೇಲೆ ಆಂಬುಲೆನ್ಸಿನ 108 ಎಂದು ಬರೆದು ಅವಳ ಹತ್ತಿರ ಇಡಿ. ಏನೂ ಹೇಳಬೇಡಿ. ತಳ್ಳಿ ಎಸೆದರೆ ಎಸೆಯಲಿ, ಮರುದಿನ ಅಲ್ಲೇ ಇಡಿ. ಕೆಡವಿದ ನಂತರ ಏನಾದರೂ ಬರಬಹುದು, ಯಾರಾದರೂ ಎತ್ತಬಹುದು ಎಂಬುದು ಆಟದೊಳಗೆ ಸೇರಿದರೆ ಆಟ ಮುಂದೆ ಸಾಗಿತೆಂದು ಅರ್ಥ. ಆಟ ಮುಗಿದಾಗ ಅವಳು ಇನ್ನಷ್ಟು ಬಿಗಿದುಕೊಂಡಿದ್ದರೆ, ಎರಡು ವಾರವಾದರೂ ಏನೂ ಬದಲಾಗದಿದ್ದರೆ, ಚಿಕಿತ್ಸಕರಿಗೆ ಹೇಳಬೇಕಾದ ಮೊದಲ ಮಾತು ಅದೇ.

ಟಂಟಂಗೆ ಮೆಟ್ಟಿಲು ಕಟ್ಟಬೇಕು. ಹೆದರಿಕೆ ಅಳೆಯಲು ಅವಳದೇ ಐದು ಬೆರಳು. ಐದೂ ಎತ್ತಿದರೆ ತಡೆಯಲಾರೆ ಎಂದು. ಮೊದಲ ಮೆಟ್ಟಿಲು, ನಿಂತ ಟಂಟಂ ಅನ್ನು ರಸ್ತೆಯ ಈಚೆಯಿಂದ ನಿಮ್ಮ ಕೈಹಿಡಿದು ನೋಡುವುದು. ನಾಲ್ಕು ಬೆರಳು ಎರಡಕ್ಕೆ ಇಳಿಯುವವರೆಗೆ ನಿಲ್ಲಿ. ಹತ್ತು ನಿಮಿಷವೋ, ಅರ್ಧ ತಾಸೋ. ಬೆರಳು ಮೇಲಿದ್ದಾಗಲೇ ಮನೆಗೆ ಓಡಿ ಬಂದರೆ ಹೆದರಿಕೆಗೆ ಅನ್ನ ಹಾಕಿದಂತೆ. ಸತತ ಮೂರು ದಿನ ಎರಡು ಬೆರಳಿಗೆ ಇಳಿದರೆ ಮುಂದಿನ ಮೆಟ್ಟಿಲು: ಮುಟ್ಟುವುದು, ಎಂಜಿನ್ ಬಂದ್ ಇದ್ದಾಗ ಒಳಗೆ ಕೂರುವುದು, ಚಾಲೂ ಮಾಡಿ ನಿಂತಲ್ಲೇ ಕೂರುವುದು, ಓಣಿಯ ತುದಿಯವರೆಗೆ ಹೋಗುವುದು. ಒಳಗೆ ಕೂರುವಲ್ಲಿಂದ ಮುಂದಿನದನ್ನು ಚಿಕಿತ್ಸಕರನ್ನು ಕೇಳಿಯೇ ಮಾಡಿ. ‘ಪೇಟೆಗೆ ಹೋಗೂಣು ಬಾ’ ಎಂದು ಸುಳ್ಳು ಹೇಳಿ ಹತ್ತಿಸಿದರೆ ಎಲ್ಲವೂ ಬುಡದಿಂದ ಶುರು. ಅಪಘಾತದ ಜಾಗ ಈ ಮೆಟ್ಟಿಲಿನ ತುತ್ತತುದಿಗೆ ಬರಬಹುದು, ಬರದೆಯೂ ಇರಬಹುದು. ಯಾವಾಗ ಎಂಬುದನ್ನು ಅವಳು ಹೇಳಬೇಕು, ಪಂಚಾಂಗ ಹೇಳುವುದಲ್ಲ.

ತಿಥಿಗೆ ಹಿಂದಿನ ವಾರ, ಮುಂದಿನ ವಾರ ಎರಡೂ ಬಿಗಿಯಾಗಿರುತ್ತವೆ, ಸಿದ್ಧರಿರಿ. ಎರಡು ದಿನ ಮೊದಲೇ ಹೇಳಿ: ಇಂಥ ದಿನ, ಇಷ್ಟು ಮಂದಿ ಬರ್ತಾರ, ದೊಡ್ಡವರು ಅಳ್ತಾರ, ನಿನಗ ಬ್ಯಾಡನಿಸಿದ್ರ ಒಳಗಿನ ಖೋಲಿಗೆ ಹೋಗು. ಫೋಟೋಕ್ಕೆ ಹೂವು ಹಾಕುವುದೋ, ಅವ್ವನಿಗೆ ಇಷ್ಟವಾದ ಅಡುಗೆ ಯಾವುದೆಂದು ಹೇಳುವುದೋ, ಒಂದು ಕೆಲಸ ಅವಳೇ ಆರಿಸಲಿ. ಬಂದವರು ‘ಅವ್ವ ಮಲ್ಕೊಂಡಾಳ’, ‘ಊರಿಗೆ ಹೋಗ್ಯಾಳ’ ಎನ್ನದಂತೆ ನೋಡಿಕೊಳ್ಳಿ. ಸತ್ತಳು ಎಂಬ ಶಬ್ದವನ್ನೇ ಬಳಸಿ. ಅಪ್ಪ ಅವತ್ತು ಬರಲೇಬೇಕು. ಉಳಿದ ದಿನ ಗೋವಾದಿಂದ ಫೋನು ಒಂದೇ ಹೊತ್ತಿಗೆ ಬರಲಿ. ಇಂಥ ಮಕ್ಕಳಿಗೆ ಬರದ ಫೋನಿಗೆ ಒಂದೇ ಅರ್ಥ: ಅಪ್ಪನೂ ಹೋದ.

ಅತ್ತೆಯವರ ತಾಯತದ ಸಲುವಾಗಿ ಜಗಳ ಬೇಡ, ಕಟ್ಟಲಿ. ಹೊಗೆ ಹಾಕುವುದು, ಹೊಡೆಯುವುದು, ‘ಅವ್ವನ ಗಾಳಿ ಹಿಡಿದದ’ ಎಂದು ಮಗುವಿನ ಎದುರು ಹೇಳುವುದು ಇದ್ದರೆ ಮಾತ್ರ ಅಡ್ಡ ನಿಲ್ಲಿ.

ಈಗ ಕುಲ್ಫಿ. ನೀವು ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. ಟೆರ್ ಕಂಡ ಇನ್ನೊಂದು ಸಂಗತಿ ಇದು: ಅನಾಹುತ ಕಂಡ ಮಕ್ಕಳು ಹಿಂದಕ್ಕೆ ಹುಡುಕಿಕೊಂಡು ಹೋಗಿ ಒಂದು ‘ಕಾರಣ’ ಹೆಕ್ಕಿ ತರುತ್ತವೆ, ಒಂದು ಅಪಶಕುನವನ್ನೋ, ತಾನೇ ಮಾಡಿದ ತಪ್ಪನ್ನೋ. ಅವತ್ತು ಕುಲ್ಫಿಗೆ ಹಟ ಮಾಡಿ ತಡವಾಗಿತ್ತೋ, ಅದಕ್ಕೇ ಆ ಟಂಟಂ ಹತ್ತಬೇಕಾಯಿತೋ. ಅದೇನೂ ಇಲ್ಲದೆ ಬರೀ ಗಂಟೆಯ ಸದ್ದೋ. ಊಹೆ ಮಾಡಿ ತೀರ್ಮಾನಿಸಬೇಡಿ, ಕೇಳಿ. ಎದುರಿಗೆ ಕೂರಿಸಿಕೊಂಡು ಕೇಳಬೇಡಿ. ಇಬ್ಬರೂ ಅವರೆಕಾಯಿ ಸುಲಿಯುತ್ತಿರುವಾಗ, ಕಣ್ಣು ಕಾಯಿಯ ಮೇಲಿರುವಾಗ: ‘ಅವ್ವ ಸತ್ತಿದ್ದಕ್ಕ ತಾವ ಏನೋ ಮಾಡಿದ್ದು ಕಾರಣ ಅಂತ ಕೆಲವು ಹುಡುಗರಿಗೆ ಅನಸ್ತದ. ನಿನಗೂ ಹಂಗೇನರ ಅನಸ್ತದೇನು?’ ಆಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ. ಬಾಯಿ ತೆರೆದರೆ ‘ಛೇ, ಹಂಗ ಅನಬಾರದು’ ಎಂದು ತಕ್ಷಣ ಮುಚ್ಚಿಸಬೇಡಿ, ಪೂರ್ತಿ ಕೇಳಿ. ನಂತರ ಸಾದಾ ಸತ್ಯ ಹೇಳಿ: ಗಾಡಿ ಯಾರು ಹೊಡೆಯುತ್ತಿದ್ದರು, ಹೇಗೆ ಉರುಳಿತು, ಕುಲ್ಫಿ ತಿಂದರೆ ಟಂಟಂ ಉರುಳುವುದಿಲ್ಲ. ಒಂದು ಸಲ ಹೇಳಿದರೆ ಸಾಲದು, ಹತ್ತಾರು ಸಲ ಹೇಳಬೇಕಾಗುತ್ತದೆ. ಹೆಗಲು ಕೊಡವಿ ಸುಮ್ಮನಾದರೆ ನೀವೂ ಕಾಯಿ ಸುಲಿಯಿರಿ, ಹದಿನೈದು ದಿನ ಬಿಟ್ಟು ಮತ್ತೆ ಕೇಳಿ.

ಒಂದು ನೋಟುಬುಕ್ಕು ಇಡಿ. ತಾರೀಖು, ಹಾಸಿಗೆ ಒಣಗಿತ್ತೋ ಒದ್ದೆಯೋ, ರಾತ್ರಿ ಎಷ್ಟು ಸಲ ಎದ್ದಳು, ಟಂಟಂಗೆ ಎಷ್ಟು ಬೆರಳು. ಕುಲ್ಫಿ ಕೊಡಿಸಿ ಪರೀಕ್ಷೆ ಮಾಡಲು ಹೋಗಬೇಡಿ. ಗಂಟೆ ಕೇಳಿದಾಗ ಒಳಗೆ ಓಡದೆ ಹೊಸ್ತಿಲವರೆಗೆ ಬಂದು ನಿಂತಳೆಂದರೆ ಅದನ್ನೂ ತಾರೀಖು ಹಾಕಿ ಬರೆಯಿರಿ, ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಮೊದಲು ತೋರಿಸುವುದು ಆ ಸಾಲು.